ಅತ್ತೆಯ ಬಾಯಾರಿಕೆ

ಸೊಸೆಯಾದವಳು ಅತ್ತೆಯನ್ನು ಹೊಗಳಿ ಬರೆದರೆ ನಂಬುವವರು ಕಡಿಮೆ. ಅದರಲ್ಲೂ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಕೋಡಿಹಳ್ಳಿ ಕಡೆಯವಳು, ಬಾಯಿ ಸ್ವಲ್ಪ ಜೋರು. ಅವರು ಬೈರಮಂಗಲದ ಪಕ್ಕದ ಹಳ್ಳಿಯ ಯಜಮಾನಿ, ಬಾಯಿ ನನಗಿಂತ ಜೋರು. ಆದರೂ ಅವರಂಥ ಇನ್ನೊಬ್ಬ ಗಟ್ಟಿಗಿತ್ತಿಯನ್ನು ನಾನು ಕಂಡಿಲ್ಲ. ಒಮ್ಮೆ ಈ ಮಾತನ್ನು ಅವರಿಗೇ ಹೇಳಿದೆ. "ಏನ್ ಬೇಕಾಗಿತ್ತು ನಿಂಗೆ?" ಅಂದರು.

ಬಿಡದಿಯ ಸುತ್ತ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಊರಿನ ಗಂಡಸರೆಲ್ಲ ಶಿಫ್ಟಿಗೆ ಹೋಗತೊಡಗಿದ್ದರು, ನನ್ನ ಗಂಡನೂ ಅಷ್ಟೇ. ರೇಷ್ಮೆ ಹುಳು ಮೇಯಿಸುವ ಕೆಲಸ ಅತ್ತೆ ಸೊಸೆಯರ ಪಾಲಿಗೆ ಬಂತು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಅತ್ತೆ ಒಂದು ದಿನ ಬದುವಿನ ಮೇಲೆ ಕುಸಿದು ಕುಳಿತರು. ಉಸಿರು ಮೇಲೆ ಬರುತ್ತಿರಲಿಲ್ಲ, ಕಾಲು ಊದಿತ್ತು. ಬೆಂಗಳೂರಿನ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿ, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿ ಒತ್ತಡ ಏರಿದೆ, ಅಲ್ಲಿಗೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋತಿದೆ ಎಂದರು.

"ಬಿಪಿ ಅಂದ್ರೆ ತೋಳಿಗೆ ಪಟ್ಟಿ ಕಟ್ಟಿ ನೋಡ್ತಾರಲ್ಲ, ಎದೆ ಒಳಗೂ ಒಂದು ಬಿಪಿನಾ?" ಎಂದು ಅತ್ತೆ ಕೇಳಿದರು. ಡಾಕ್ಟರು ನಕ್ಕು, ಹೌದಮ್ಮ ಅಂದರು. ಮೈಯಲ್ಲಿ ನೀರು ನಿಲ್ಲದಂತೆ ಮೂತ್ರ ಹೋಗುವ ಮಾತ್ರೆ ಕೊಟ್ಟರು. ಉಪ್ಪು ಕಡಿಮೆ ಮಾಡಿಸಿದರು. ಕುಡಿಯುವ ನೀರಿಗೂ ಅಳತೆ ಹಾಕಿದರು. ಅಳತೆ ಮೀರಿದರೆ ಆ ನೀರೆಲ್ಲ ಹೃದಯದ ಮೇಲೆ ಹೊರೆ ಎಂದು ಬಿಡಿಸಿ ಹೇಳಿದರು.

ಅವತ್ತಿನಿಂದ ನಾನು ಬೆಳಿಗ್ಗೆ ಒಂದು ಬಾಟಲಿ ತುಂಬಿಡುತ್ತಿದ್ದೆ. ಅತ್ತೆಗೆ ದಿನಕ್ಕೆ ಅಷ್ಟೇ ನೀರು. ಕಾಫಿ ಕುಡಿದರೆ ಅಷ್ಟನ್ನು ತಾವೇ ಬಾಟಲಿಯಿಂದ ಚೆಲ್ಲಿಬಿಡುತ್ತಿದ್ದರು. ನೆಂಟರ ಮನೆಯಲ್ಲಿ ನೀರು ಬೆಲ್ಲ ತಂದಿಟ್ಟರೆ ಕೈಮುಗಿದು, "ಅಳತೆ ಆಗೋಯ್ತು ಕಣವ್ವ" ಅನ್ನುತ್ತಿದ್ದರು. ಬೇಸಿಗೆಯ ಸೆಕೆಯಲ್ಲಿ ಹುಳುಮನೆಯಿಂದ ಬೆವರಿ ಬಂದರೆ ನಾನು ಒಂದು ಚೊಂಬು ನೀರನ್ನು ಗಟಗಟ ಇಳಿಸುತ್ತಿದ್ದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಬಾಯಿ ಮುಕ್ಕಳಿಸಿ ಉಗಿದು, ಸೊಪ್ಪು ಬಿಡಿಸಲು ಕೂರುತ್ತಿದ್ದರು.

ಊರಿನ ಹೆಂಗಸರು ಮೆಚ್ಚಿದ್ದೇ ಮೆಚ್ಚಿದ್ದು. ಬಾಯಿ ಒಣಗಿದರೆ ಕಲ್ಲುಸಕ್ಕರೆ ಇಟ್ಟುಕೊಳ್ಳುವುದು ನಮ್ಮಲ್ಲಿ ಹಳೆಯ ಮದ್ದು. ನೋಡಲು ಬಂದವರೆಲ್ಲ ಒಂದೊಂದು ಪೊಟ್ಟಣ ತಂದರು. ಅತ್ತೆ ದಿನವಿಡೀ ಒಂದು ಹರಳನ್ನು ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಸಕ್ಕರೆ ನೀರಲ್ಲವಲ್ಲ, ಅಳತೆಗೆ ಸೇರುವುದಿಲ್ಲ ಎಂಬುದು ಎಲ್ಲರ ತೀರ್ಮಾನ.

ತಿಂಗಳುಗಳು ಕಳೆದವು. ಅತ್ತೆ ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಿದ್ದರು. ಮಾತ್ರೆ ಕೆಲಸ ಮಾಡುತ್ತಿದೆ ಅಂದುಕೊಂಡೆವು. ರವಿಕೆ ಸಡಿಲವಾಯಿತು, ಊತ ಇಳಿಯಿತು ಎಂದು ಸಂತೋಷಪಟ್ಟೆವು. ಸುಸ್ತು ಅಂದರು, ಆ ಕಾಯಿಲೆಗೆ ಸುಸ್ತು ಇದ್ದದ್ದೇ. ನಾನೂ ಡಾಕ್ಟರ ಹಾಗೆ ತಲೆಯಾಡಿಸಿ ಎಲ್ಲರಿಗೂ ವಿವರಿಸುತ್ತಿದ್ದೆ.

ಆ ಸಲದ ಹುಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ಕೊನೆಯ ಸಲ ಪೊರೆ ಕಳಚಿದ್ದವು. ಇನ್ನೊಂದು ವಾರ ಹೊಟ್ಟೆ ತುಂಬ ಸೊಪ್ಪು ತಿಂದರೆ ಗೂಡು ಕಟ್ಟುವ ಹೊತ್ತು. ಒಂದು ಬೆಳಿಗ್ಗೆ ಹುಳುಮನೆಯ ಹೊಸ್ತಿಲಲ್ಲಿ ಇರುವೆ ಸಾಲು ಕಂಡಿತು. ಹುಳು ಮೇಯಿಸುವವರಿಗೆ ಇರುವೆ ಎಂದರೆ ಎದೆ ಝಲ್ಲೆನ್ನುತ್ತದೆ, ಹುಳುವಿನ ಮೈಗೆ ಮುತ್ತಿದರೆ ಬೆಳೆಯೇ ಹೋಯಿತು. ಇರುವೆ ಪುಡಿ ಹಾಕೋಣವೆಂದರೆ ಹುಳುವೂ ಸಾಯುತ್ತದೆ. ಹಾಗಾಗಿ ಹುಳು ತಟ್ಟೆಗಳ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತೇವೆ.

"ಯಾರೇ ಸಕ್ರೆ ಚೆಲ್ದೋಳು? ಕಾಪಿ ಕುಡ್ದು ಲೋಟ ಸಿಕ್ಕಿದ್ ಕಡೆ ಮಡಗ್ತೀಯ!" ಎಂದು ಅತ್ತೆ ಶುರು ಮಾಡಿದರು.

ನಾನು ಸುಮ್ಮನಿರುವವಳೇ? "ದಿನಾ ಪೂರ್ತಿ ಕಲ್ಲುಸಕ್ರೆ ಚೀಪೋರು ಯಾರತ್ತೆ? ನಾನಾ?"

ಪಕ್ಕದ ಮನೆಯವಳು ಬೇಲಿಯ ಆಚೆಯಿಂದ, "ಫ್ಯಾಕ್ಟ್ರಿಗೆ ಅಂತ ಹೊಲ ಎಲ್ಲಾ ಅಗೆದವ್ರಲ್ಲ, ಇರುವೆಗಳು ಊರೊಳಕ್ಕೆ ಬಂದ್ಬುಟ್ಟವೆ" ಎಂದಳು. ಅತ್ತೆಗೆ ಎರಡು ಮಾತೂ ಒಪ್ಪಿಗೆಯಾಗಲಿಲ್ಲ.

"ಬಾ, ಎಲ್ಲಿಂದ ಬತ್ತಾವೆ ನೋಡೇ ಬುಡನ."

ಸಾಲು ಹಿಡಿದು ಹೊರಟೆವು. ಗೋಡೆಗುಂಟ ಹೋಗಿ, ಸೌದೆ ಒಟ್ಟಿದ್ದ ಕಡೆ ತಿರುಗಿ, ಹಿತ್ತಲಿಗೆ ಇಳಿಯಿತು. ಅತ್ತೆ ನಾಲ್ಕು ಹೆಜ್ಜೆಗೊಮ್ಮೆ ಗೋಡೆಗೆ ಒರಗಿ ಉಸಿರು ಎಳೆದುಕೊಳ್ಳುತ್ತಿದ್ದರು. ಕೂತುಕೊಳ್ಳಿ ಎಂದರೆ ಕೇಳಲಿಲ್ಲ. ಸಾಲು ಬಚ್ಚಲ ಹಿಂದಿನ ಮೂಲೆಗೆ ಹೋಗಿ ಮುಗಿಯಿತು. ದೂರ ನಡೆಯಲಾಗದ ಅತ್ತೆ ಮೂತ್ರಕ್ಕೆ ಕೂರುತ್ತಿದ್ದ ಜಾಗ ಅದು. ಮಣ್ಣು ಕಪ್ಪಗೆ ಕಾಣುವಷ್ಟು ಇರುವೆ ಮುತ್ತಿದ್ದವು.

ಅತ್ತೆ ಬಹಳ ಹೊತ್ತು ನೋಡಿದರು.

"ನಮ್ಮಪ್ಪಂಗೂ ಹಿಂಗೇ ಮುತ್ತೋವು. ಸಕ್ರೆ ಕಾಯ್ಲೆ ಕಣೆ," ಎಂದರು. ಆಮೇಲೆ, "ನಿನ್ನ ಸುಮ್ನೆ ಬೈದ್ಬುಟ್ಟೆ" ಎಂದು ಸೇರಿಸಿದರು. ನಾನು ಆ ಮನೆಗೆ ಬಂದ ಮೇಲೆ ಅಂಥ ಮಾತು ಕೇಳಿದ್ದು ಅದೇ ಮೊದಲು. ನನಗೆ ಇನ್ನಷ್ಟು ಹೆದರಿಕೆಯಾಯಿತು.

ಹುಳುವಿಗೆ ಸೊಪ್ಪು ಹಾಕದೆ ಬರುವುದಿಲ್ಲ ಎಂದು ಹಟ ಹಿಡಿದರು. ಹಾಕಿಸಿಯೇ ಬಸ್ಸು ಹತ್ತಿದರು. ಬೆಂಗಳೂರಿನಲ್ಲಿ ಅದೇ ಡಾಕ್ಟರು ಬೆರಳಿಗೆ ಚುಚ್ಚಿ ನೋಡಿ, ಇನ್ನೊಮ್ಮೆ ಚುಚ್ಚಿ ನೋಡಿದರು. ತಕ್ಷಣ ಮಲಗಿಸಿದರು. ಈ ಶ್ವಾಸಕೋಶದ ಒತ್ತಡ ಇರುವವರಲ್ಲಿ ಸಕ್ಕರೆಯ ತೊಂದರೆಯೂ ಜೊತೆಗೆ ಬರುವುದುಂಟಂತೆ, ಸೋತ ಹೃದಯವನ್ನು ಅದು ಮತ್ತಷ್ಟು ಸೋಲಿಸುತ್ತದಂತೆ. ಇನ್ನು ಕೆಲವು ದಿನ ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದು ಮಂಚದ ಪಕ್ಕ ಕುಳಿತರು.

"ಅಮ್ಮ, ಬೈಯೋದಿಲ್ಲ, ನಿಜ ಹೇಳಿ. ಇಷ್ಟು ಸಕ್ಕರೆ ಇದ್ದರೆ ಬಾಯಾರಿಕೆ ತಡೆಯೋಕೆ ಯಾರಿಂದಲೂ ಆಗಲ್ಲ. ಅಳತೆ ಮೀರಿ ಎಷ್ಟು ನೀರು ಕುಡಿದಿರಿ?"

"ಒಂದ್ ಗುಟುಕೂ ಇಲ್ಲ ಸಾಮಿ."

ಡಾಕ್ಟರು ನನ್ನ ಮುಖ ನೋಡಿದರು. ಬಾಟಲಿ ತುಂಬುತ್ತಿದ್ದವಳು ನಾನೇ ತಾನೆ, ಹೌದು ಎಂದೆ. ಅವರು ಅತ್ತೆಯ ಒಣಗಿ ಬಿರಿದ ನಾಲಿಗೆ ನೋಡಿದರು, ತೋಳಿನ ಚರ್ಮ ಹಿಡಿದು ಬಿಟ್ಟು ನೋಡಿದರು. ಆಮೇಲೆ, ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಅದು ಮೈಯ ನೀರನ್ನೆಲ್ಲ ಎಳೆದುಕೊಂಡು ಹೊರಗೆ ಹೋಗುತ್ತದೆ, ಅದಕ್ಕೇ ಆ ದಾಹ ಎಂದು ಮೆಲ್ಲಗೆ ವಿವರಿಸಿದರು.

ಅತ್ತೆ ಮೊಣಕೈ ಊರಿ ಎದ್ದು ಕುಳಿತರು. "ಅಂಗಾದ್ರೆ ಅದು ನನ್ನ ಆಸೆಬುರುಕ್ತನ ಅಲ್ವಾ?"

"ಅಲ್ಲಮ್ಮ. ಅದು ಕಾಯಿಲೆ."

ಹೃದಯ ಸೋತಿದೆ ಎಂದಾಗ ಅಳದವರು ಈಗ ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ಆ ಬೈರಮಂಗಲದ ಕೆರೆ ನೊರೆ ನೀರು, ದನಾನೂ ಮೂಸಲ್ಲ, ಅದ್ನ ಕಂಡ್ರೂ ಬಗ್ಗಿ ಕುಡಿಯನ ಅನ್ನುಸ್ತಿತ್ತು ಕಣೆ. ಈ ವಯಸ್ನಾಗೆ ನೀರಿಗೆ ಹಿಂಗೆ ಬಾಯ್ ಬುಡ್ತೀನಲ್ಲ ಅಂತ ನಾಚ್ಕೆ ಆಗೋದು. ಅದಕ್ಕೆ ಯಾರ್ಗೂ ಹೇಳ್ನಿಲ್ಲ."

ನಾವು ಅವರ ಸಂಯಮವನ್ನು ಹಾಡಿ ಹೊಗಳುತ್ತಿದ್ದ ಅಷ್ಟೂ ದಿನ ಅವರು ತಮ್ಮನ್ನೇ ತಾವು ಬೈದುಕೊಳ್ಳುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಡಾಕ್ಟರು ಡ್ರಿಪ್ಪು ಹಾಕಿಸಿ, ಮೂತ್ರದ ಮಾತ್ರೆ ನಿಲ್ಲಿಸಿ, ಇವತ್ತಿಗೆ ಅಳತೆ ಸಡಿಲಿಸಿದ್ದೇನೆ ಎಂದರು. ನರ್ಸಮ್ಮ ಒಂದು ಲೋಟ ನೀರು ತಂದುಕೊಟ್ಟಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದರು. ತುಟಿಯವರೆಗೆ ತಂದು ನಿಲ್ಲಿಸಿ, ಡಾಕ್ಟರ ಕಡೆ ತಿರುಗಿದರು.

"ಎಷ್ಟು ಕುಡೀಲಿ ಸಾಮಿ?"