ಆಗ್ಯಾದ್ರಿ, ನೀವು ಮಾಡ್ರಿ

ನಮ್ಮ ಬಸವಕಲ್ಯಾಣದ ಕೋಟೆಯ ಬಗಲಲ್ಲಿ ಆಡು ಮೇಯಿಸುವ ಧೂಳಮ್ಮಕ್ಕನ ಬಾಯಿಗೂ ಬೀಗವಿಲ್ಲ, ಬುತ್ತಿಗೂ ಬೀಗವಿಲ್ಲ. ಹುಡಗಿ ಎಂಬ ಊರಿನಿಂದ ಸೊಸೆಯಾಗಿ ಬಂದ ದಿನದಿಂದ ಅದೇ ರೂಢಿ. ಬುತ್ತಿ ಬಿಚ್ಚಿದಾಗ ದಾರಿಯಲ್ಲಿ ಯಾರೇ ಕಾಣಲಿ, 'ಬರ್ರಿ, ಊಟ ಮಾಡೂಣು' ಎಂದು ಕರೆಯುತ್ತಾಳೆ. ಕರೆಸಿಕೊಂಡವರು 'ಆಗ್ಯಾದ್ರಿ, ನೀವು ಮಾಡ್ರಿ' ಎಂದು ಮುಂದೆ ಹೋಗಬೇಕು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಹಾಗೇ ಹೇಳಬೇಕು, ನಮ್ಮ ಕಡೆ ಅದು ನಮಸ್ಕಾರ ಇದ್ದಂತೆ. ಆಟೊ ಓಡಿಸುವ ನಾನು, ಮುಜಾಫರ್, ದಿನಾಲೂ ಹೇಳುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಮೈಸೂರಿನ ಗಂಡಹೆಂಡತಿಯನ್ನು ಕೋಟೆ ತೋರಿಸಲು ಕರೆತಂದಿದ್ದೆ. ಬೇವಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದ ಧೂಳಮ್ಮಕ್ಕ ರೂಢಿಯಂತೆ ಕರೆದಳು. ಆ ಪುಣ್ಯಾತ್ಮರು ಚಪ್ಪಲಿ ಬಿಟ್ಟು ಕುಳಿತೇಬಿಟ್ಟರು! ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಮೈಸೂರಿನ ಆ ತಾಯಿ 'ಪಾಪ' ಎಂದು ನನಗೆ ನೀರಿನ ಬಾಟಲಿ ಕೊಟ್ಟರು.

ಬುತ್ತಿಯಲ್ಲಿದ್ದದ್ದು ನಾಲ್ಕೇ ರೊಟ್ಟಿ, ಪುಂಡಿಪಲ್ಯ. ಅದರಲ್ಲಿ ಅರ್ಧ ಗಂಡ ಪಂಡರಿಯದು. ಹುಮನಾಬಾದ ಸಂತೆಗೆ ಹೋದವನು ಇನ್ನೇನು ಬರುವ ಹೊತ್ತು, ಹಸಿದರೆ ಅವನು ಮನುಷ್ಯನೇ ಅಲ್ಲ. ಆದರೆ ಕರೆದವರನ್ನು ಎಬ್ಬಿಸುವುದುಂಟೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಅವರಿಗೆ ನಗುತ್ತ ಬಡಿಸಿದಳು, ನನ್ನನ್ನು ಮಾತ್ರ ಗುರಾಯಿಸಿದಳು. ಇವರನ್ನು ತಂದವನು ನಾನೇ ಅಲ್ಲವೇ.

ಕೊನೆಯ ತುತ್ತಿಗೆ ಸರಿಯಾಗಿ ಪಂಡರಿ ಬಂದ. ಬುತ್ತಿಯ ಖಾಲಿ ಬಟ್ಟೆ ನೋಡಿದ, ಹೆಂಡತಿಯ ಮುಖ ನೋಡಿದ. ಈಗ ಜಗಳ ಹತ್ತಿತು ಎಂದುಕೊಂಡೆ. ಅಷ್ಟರಲ್ಲಿ ಮೈಸೂರಿನವರು 'ಬನ್ನಿ ಯಜಮಾನರೇ, ತಗೊಳ್ಳಿ' ಎಂದು ತಮ್ಮ ಚಿಪ್ಸ್ ಪೊಟ್ಟಣ ಚಾಚಿದರು. ಮುಂಜಾನೆಯಿಂದ ಹಸಿದ ಆ ಮನುಷ್ಯ ಅಭ್ಯಾಸಬಲದಿಂದ, 'ಆಗ್ಯಾದ್ರಿ, ನೀವು ಮಾಡ್ರಿ' ಎಂದುಬಿಟ್ಟ. ಅವರು ನಂಬಿ ಪೊಟ್ಟಣವನ್ನು ಚೀಲಕ್ಕೆ ಸೇರಿಸಿದರು. ಧೂಳಮ್ಮಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಪಂಡರಿ ಆಡಿನ ಹಾಲು ಕುಡಿದು ಮಲಗಿದ.

ಮರುದಿನ ನಾನು ಅದೇ ದಾರಿಯಲ್ಲಿ ಬಂದೆ. ಬುತ್ತಿ ನಿನ್ನೆಗಿಂತ ದಪ್ಪವಿತ್ತು. ಅವಳು ಕರೆದಳು, ನಾನು ಆಗ್ಯಾದ ಎಂದೆ. ಖರೇ ಹೇಳಬೇಕೆಂದರೆ ಆಗಿರಲಿಲ್ಲ.

"ಖರೇನ ಆಗ್ಯಾದೇನೋ ತಮ್ಮಾ?" ಎಂದಳು. "ಆ ಮೈಸೂರವರು ಒಂದ ಸಲ ಕರೆದ್ರ ಕುಂತ್ರು. ನಾ ಇಷ್ಟ ವರ್ಷ ಕರ್ಯಾಕತ್ತೇನಿ, ನೀ ಒಮ್ಮೆರ ಕುಂತೀಯೇನು?"

ಆಟೊ ಬದಿಗೆ ನಿಲ್ಲಿಸಿ, ಚಪ್ಪಲಿ ಬಿಟ್ಟು ಕುಳಿತೆ.