ಕೊನೆಯ ಹಾಳೆಗಳು ನನ್ನ ಹತ್ತಿರ ಇದ್ದವು

ಯಾರ ಮೇಲಾದರೂ ಸೇಡು ತೀರಿಸಿಕೊಳ್ಳಬೇಕೇ? ಹಾಗಾದರೆ ಅವರಿಗೆ ಒಂದು ದಪ್ಪ ಐತಿಹಾಸಿಕ ಕಾದಂಬರಿ ಓದಲು ಕೊಡಿ. ಇದು ನಾನೇ ಮಾಡಿ ನೋಡಿದ ಮದ್ದು.

ನನಗೆ ಓದಿನ ಹುಚ್ಚು ಹಿಡಿಸಿದ್ದು ಯಾವ ಕಾಲೇಜೂ ಅಲ್ಲ, ಗಂಗೊಳ್ಳಿಯ ಮಳೆಗಾಲ. ಬೋಟುಗಳು ದಡ ಸೇರಿದ ಮೇಲೆ ಅಪ್ಪ ಬಲೆ ಸರಿಮಾಡುತ್ತಾ ಕೂರುತ್ತಾರೆ, ನಾನು ಕುಂದಾಪುರದ ಗುಜರಿ ಅಂಗಡಿಯಿಂದ ತಂದ ಹಳೇ ಪುಸ್ತಕ ಹಿಡಿದು ಕೂರುತ್ತೇನೆ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರ. ಯಾವಾಗ ಯಾವುದನ್ನು ಓದಬೇಕು ಅಂತಲೂ ಹೇಳುತ್ತೇನೆ. ಬಸ್ಸಿನಲ್ಲಿ ನಿಂತುಕೊಂಡೇ ಮುಗಿಸುವ ಕಥೆಗಳು ಬೇರೆ, ಮನೆಯವರ ಮೇಲೆ ಮುನಿಸಿಕೊಂಡಾಗ ಓದುವ ಪ್ರವಾಸ ಕಥನಗಳು ಬೇರೆ. ಬೋಟು ನಿಂತ ಕಾಲಕ್ಕೆ ಐತಿಹಾಸಿಕ ಕಾದಂಬರಿಯೇ ಆಗಬೇಕು.

ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವಳು ಬೈಂದೂರಿನಲ್ಲಿರುವ ದೊಡ್ಡಮ್ಮನ ಮಗಳು. ಅವಳನ್ನು ನಾನು ಕರೆಯುವುದು ಅಕ್ಕ ಎಂದೇ. ಒಮ್ಮೆ ಇಬ್ಬರೂ ಬೈಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಮರವಂತೆಯಲ್ಲಿ ಉಳಿದವರೆಲ್ಲ ಸಮುದ್ರ ನೋಡುತ್ತಿದ್ದರೆ ನಾನು ಅಕ್ಕನ ಕಿವಿ ಕೊರೆಯುತ್ತಿದ್ದೆ.

"ಇದ್ ನೀ ಓದ್ಲೇಬೇಕ್ ಅಕ್ಕಾ. ಇಡೀ ಕಾದಂಬರಿಲಿ ರಾಜ ಬಪ್ಪುದೇ ಇಲ್ಲ. ಅವ್ನ್ ಆನೆಗೆ ಹುಲ್ಲ್ ಹೊರು ಒಂದ್ ಹೆಂಗ್ಸ್ ಬತ್ತ್. ಅದ್ ತಲೆ ಎತ್ತಿ ಕಂಡದ್ದಷ್ಟೇ ಇತಿಹಾಸ!"

ಮರುದಿನ ಅದೇ ಮಾತು ಅಕ್ಕನ ರೀಲ್ಸ್‌ನಲ್ಲಿ ಬಂತು. ಲಿಪ್‌ಸ್ಟಿಕ್ ಹಚ್ಚಿಕೊಂಡು, ಆನೆ, ಹುಲ್ಲು, ತಲೆ ಎತ್ತಿ ನೋಡಿದ್ದು, ಒಂದನ್ನೂ ಬಿಡದೆ ಹೇಳಿ, "ಓದುವಾಗ ನನಗೆ ಅನ್ನಿಸಿದ್ದು" ಎಂದು ಸೇರಿಸಿದ್ದಳು. ಪುಸ್ತಕ ಇನ್ನೂ ನನ್ನ ದಿಂಬಿನ ಕೆಳಗೇ ಇತ್ತು! ಆಮೇಲೆ ಅದೇ ಅಭ್ಯಾಸವಾಯಿತು. ನಾನು ಹೇಳುವುದು, ಊರೆಲ್ಲ ಅವಳನ್ನು ಹೊಗಳುವುದು.

ತಡೆಯಲಾರದೆ ಫೋನ್ ಮಾಡಿದೆ. "ಅಕ್ಕಾ, ಅದೆಲ್ಲ ನಾ ಹೇಳಿದ್ದಲ್ದಾ? ಒಂದ್ ಸಲ ಆದ್ರೂ ನನ್ ಹೆಸ್ರ್ ಹೇಳುಕಾಗ್ದಾ?"

"ಎಂತ ಮಾರಾಯ್ತಿ, ಮಾತಿನ್ ಮೇಲೆ ಹೆಸ್ರ್ ಬರ್ದಿರತ್ತಾ? ನಾ ಹೇಳ್ದೆ ಇದ್ರೆ ನೀ ಯಾರಿಗ್ ಹೇಳ್ತಿದ್ದೆ, ಮೀನ್ ಮಾರ್ಕೆಟಲ್ಲಾ?" ಎಂದು ನಕ್ಕಳು.

ನನ್ನಮ್ಮ ಕೂರುವುದು ಮೀನು ಮಾರ್ಕೆಟಿನಲ್ಲಿ. ಅವತ್ತೇ ನಿರ್ಧರಿಸಿದೆ.

ನನ್ನ ಹತ್ತಿರ ಒಂದು ಹಳೇ ಕಾದಂಬರಿಯಿದೆ. ಹಿಂದಿನ ಕಾಲದ ಒಂದು ಬಂದರು, ಹಡಗು ಕಟ್ಟುವವನ ಮಗಳು. ಅಣ್ಣನನ್ನು ಕೊಂದ ದಳಪತಿಯ ಹಡಗು ಸುಡುತ್ತೇನೆಂದು ಅವಳ ಶಪಥ. ಕೊನೆಗೂ ಹಡಗು ಹತ್ತುತ್ತಾಳೆ, ಕೈಯಲ್ಲಿ ದೊಂದಿ, ಆದರೆ ಒಳಗಿಂದ ಮಗುವಿನ ಅಳು. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಕೊನೆಯ ಅಧ್ಯಾಯದ ಹೊಲಿಗೆ ಮೊದಲೇ ಸಡಿಲವಾಗಿತ್ತು. ಮೆಲ್ಲಗೆ ಎಳೆದೆ, ಬಂತು. ಒಣ ಸೀಗಡಿ ಡಬ್ಬದೊಳಗೆ ಇಟ್ಟೆ. ಉಳಿದದ್ದನ್ನು ಅಕ್ಕನಿಗೆ ಕೊಟ್ಟು, "ಕಡೇ ಅಧ್ಯಾಯ ಓದಿ ಅಳದಿದ್ದವ್ರಿಲ್ಲ" ಎಂದೆ.

ಅಕ್ಕನಿಗೆ ಬ್ರಹ್ಮಾವರದ ಓದುಗರ ಕೂಟದಲ್ಲಿ ಮಾತಾಡಲು ಕರೆ ಬಂದಿತ್ತು. ಅವಳು ಓದುವುದಿಲ್ಲವಲ್ಲ, ಕೊನೆ ಓದಿ ಅತ್ತುಬಿಟ್ಟೆ ಎಂದು ಮೈಕಿನಲ್ಲಿ ಹೇಳಿಯೇ ಹೇಳುತ್ತಾಳೆ. ಆಗ ಎದ್ದು ನಿಂತು, "ಯಾವ ಕೊನೆ ಅಕ್ಕಾ?" ಎಂದು ಕೇಳಬೇಕು. ಕನ್ನಡಿ ಮುಂದೆ ಅಭ್ಯಾಸವನ್ನೂ ಮಾಡಿದ್ದೆ.

ಕೂಟದಲ್ಲಿ ಅಕ್ಕ ನನ್ನ ಬಸ್ಸಿನ ಕಥೆಗಳನ್ನು ಹೇಳಿದಳು, ಚಪ್ಪಾಳೆ. ಮುನಿಸಿನ ಪುಸ್ತಕಗಳನ್ನು ಹೇಳಿದಳು, ಮತ್ತೆ ಚಪ್ಪಾಳೆ. ನನಗೆ ಮೈಯೆಲ್ಲ ಉರಿ. ಆಮೇಲೆ ನನ್ನ ಕಾದಂಬರಿ ಎತ್ತಿ ಹಿಡಿದು, ದೊಂದಿ ಹಿಡಿದವಳಿಗೆ ಮಗುವಿನ ಅಳು ಕೇಳಿಸುವ ತನಕದ ಕಥೆ ಹೇಳಿದಳು.

"ಇದ್ರ ಕಡೆ ಎಂತ ಆತ್ತ್ ಅಂದೇಳಿ ನಂಗೊತ್ತಿಲ್ಲ. ಹಾಳೆಯೇ ಇಲ್ಲ!" ಪುಸ್ತಕ ತಿರುಗಿಸಿ ಹಿಂದಿನ ರಟ್ಟನ್ನು ಸಭೆಗೆ ತೋರಿಸಿದಳು. "ಜನ್ಮದಲ್ಲಿ ಮೊದಲ್ನೇ ಸಲ ಒಂದ್ ಪುಸ್ತಕ ಪೂರಾ ಓದುಕೆ ಕೂಕಂಡ್ರೆ ಹಿಂಗಾಯ್ತ್. ಅಲ್ ಕಾಣಿ, ಕಡೇ ಕುರ್ಚಿಲಿ ಕೂಕಂಡಿತ್ತಲೆ, ನನ್ ತಂಗಿ. ನಂಗೆ ಪುಸ್ತಕ ಹೇಳಿಕೊಡುದೆಲ್ಲ ಅದೇ. ಹಾಳೆ ಎಲ್ಲಿತ್ತ್ ಅಂತ ಅದನ್ನೇ ಕೇಣಿ!"

ಸಿಟ್ಟಿನ ಭರದಲ್ಲಿ ನಿಜ ಬಾಯಿಗೆ ಬಂದಿತ್ತು. ಸಭೆಯೆಲ್ಲ ನನ್ನ ಕಡೆ ತಿರುಗಿತು. ಮುಂದಿನ ಸಾಲಿನ ಒಬ್ಬ ಅಜ್ಜಿ, "ಹ್ವಾಯ್ ಮಗಾ, ಬೆಂಕಿ ಕೊಟ್ಟಳಾ ಇಲ್ಯಾ?" ಎಂದರು.

ನಾನು ನೇರವಾಗಿ ಮೈಕಿಗೆ ಹೋದೆ. ಚಾ ಆರಿಹೋಗುವ ತನಕ ಮಾತಾಡಿದೆ. ಬಸ್ಸಿನ ಕಥೆ, ಮುನಿಸಿನ ಪುಸ್ತಕ, ಆನೆಗೆ ಹುಲ್ಲು ಹೊರುವವಳು, ಎಲ್ಲವನ್ನೂ ಒಂದೊಂದಾಗಿ ವಾಪಸು ಕಿತ್ತುಕೊಂಡೆ. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಹೌದು, ನನಗೆ ಖುಷಿಯಾಯಿತು. ಕೊನೆಗೆ ಅಜ್ಜಿಗೆ, "ಗೊತ್ತಿತ್ತ್ ಅಜ್ಜಿ, ಆದ್ರೆ ಹೇಳುದಿಲ್ಲ" ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಪಕ್ಕದಲ್ಲೇ ಕೂತಳು. "ಒಂದೇ ಒಂದ್ ಮಾತ್ ಹೇಳ್ ಮಾರಾಯ್ತಿ. ಕೊಟ್ಟಳಾ?"

"ನಾಳೆ ಬಾ. ಮೀನ್ ಮಾರ್ಕೆಟಲ್ ಹೇಳ್ತೆ."

ಬಂದಳು! ಅಮ್ಮನ ಬುಟ್ಟಿಯ ಪಕ್ಕ ನಿಲ್ಲಿಸಿ, ಸೀಗಡಿ ವಾಸನೆಯ ಹಾಳೆಗಳನ್ನು ಕೈಗಿಟ್ಟು, ಜೋರಾಗಿ ಓದು ಎಂದೆ. ಮೊದಲು ಮುಖ ಸಿಂಡರಿಸಿದಳು. ಎರಡನೇ ಹಾಳೆಗೆ ಬರುವಷ್ಟರಲ್ಲಿ ಅವಳಿಗೆ ನನ್ನ ನೆನಪೂ ಇರಲಿಲ್ಲ, ಸುತ್ತಲಿನ ಹೆಂಗಸರು ಚೌಕಾಸಿ ನಿಲ್ಲಿಸಿದ್ದರು. "ದೊಡ್ಡಕ್ ಓದೇ!" ಎಂದು ಅಮ್ಮ ಗದರಿದರು.

ಬೆಂಕಿ ಕೊಟ್ಟಳೋ ಇಲ್ಲವೋ ಅಂತ ನಿಮಗೂ ಹೇಳುವುದಿಲ್ಲ. ಬೇಕಿದ್ದರೆ ಮಾರ್ಕೆಟಿಗೆ ಬನ್ನಿ.