ಮಲಕಾರಿಯ ಅಮವಾಸ್ಯೆ ಆಯಿಲ್

ಐನಾಪುರದ ಬಸ್ ನಿಲ್ದಾಣದ ಹಿಂದೆ ಮಲಕಾರಿಯ ಗ್ಯಾರೇಜು. ಮಲಕಾರಿ ನಿಧಾನದ ಮನುಷ್ಯ, ನಾನು ಅವಸರದವನು. ಹಾಗಾಗಿ ಹದಿನೈದು ವರ್ಷದ ಪರಿಚಯವಿದ್ದರೂ ನಮ್ಮಿಬ್ಬರಿಗೆ ಸರಿಹೋದದ್ದು ಕಡಿಮೆ. ನಾನು ಪಶು ಆಸ್ಪತ್ರೆಯ ಸಾಮಾನ್ಯ ನೌಕರ. ಜನ ದನದ ಡಾಕ್ಟರ್ ಅನ್ನುತ್ತಾರೆ, ನಾನೂ ಬೇಡ ಅನ್ನುವುದಿಲ್ಲ. ಕಾಗವಾಡ ತಾಲೂಕಿನ ಹಳ್ಳಿಗಳನ್ನು ಮೋಟರ್‌ಸೈಕಲ್ ಮೇಲೆ ಸುತ್ತುವುದೇ ನನ್ನ ಕೆಲಸ. ಗಾಡಿ ಕೈಕೊಟ್ಟರೆ ಎಲ್ಲೋ ಒಂದು ಎಮ್ಮೆ ನರಳುತ್ತದೆ, ಅದರ ಒಡೆಯ ನನ್ನ ವಂಶವನ್ನೆಲ್ಲ ನೆನೆಯುತ್ತಾನೆ.

ಅಮವಾಸ್ಯೆಗೆ ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುವುದು ನಮ್ಮ ಕಡೆಯ ವಾಡಿಕೆ. ಮಲಕಾರಿ ಅದಕ್ಕೆ ತನ್ನದೊಂದು ಶಾಸ್ತ್ರ ಸೇರಿಸಿದ್ದ. ಕಾಯಿ ಒಡೆಯುವ ಮುಂಚೆ ಆಯಿಲ್ ಬದಲಿಸಬೇಕು. ಇಲ್ಲಿನ ಗಾಡಿಗಳಲ್ಲಿ ಕಿಲೋಮೀಟರ್ ತೋರಿಸುವ ಮುಳ್ಳು ಯಾವತ್ತೋ ನಿಂತುಹೋಗಿರುತ್ತದೆ, ಅಮವಾಸ್ಯೆ ಮಾತ್ರ ಯಾರಿಗೂ ಮರೆಯುವುದಿಲ್ಲ. ಎಂಜಿನ್ ಕೆಳಗಿನ ನಟ್ಟು ಬಿಚ್ಚಿ, ತಗಡಿನ ಡಬ್ಬ ಇಟ್ಟು, ‘ಪೂರಾ ಇಳೀಲ್ರಿ’ ಎಂದು ಅವನು ಗಾಡಿಯ ಸುತ್ತ ತಿರುಗತೊಡಗುತ್ತಿದ್ದ. ಚೈನು ಎತ್ತಿ ನೋಡುವನು, ಬ್ರೇಕ್ ಒತ್ತುವನು, ಗಾಲಿ ಅಲುಗಾಡಿಸುವನು. ಅರ್ಧ ಗಂಟೆ ಬೆಂಚಿನ ಮೇಲೆ ಕೂತು ನಾನು ಹಲ್ಲು ಕಚ್ಚುತ್ತಿದ್ದೆ.

ಹೋದ ವರ್ಷ ನಾನು ಮೊಬೈಲಿನಲ್ಲಿ ಸಿಂಥೆಟಿಕ್ ಆಯಿಲಿನ ಬಗ್ಗೆ ಓದಿದೆ. ಸಾದಾ ಆಯಿಲ್ ಎಂದರೆ ಭೂಮಿಯಿಂದ ತೆಗೆದ ಎಣ್ಣೆಯನ್ನು ಸೋಸಿದ್ದು, ನನ್ನ ಓಡಾಟಕ್ಕೆ ತಿಂಗಳಿಗೇ ಕೆಡುತ್ತದೆ. ಸಿಂಥೆಟಿಕ್ ಕಾರ್ಖಾನೆಯಲ್ಲಿ ಹದ ನೋಡಿ ತಯಾರಾದದ್ದು. ಬೇಗ ತೆಳ್ಳಗಾಗುವುದಿಲ್ಲ, ಬೇಗ ಕೆಡುವುದಿಲ್ಲ. ಬೆಲೆ ಜಾಸ್ತಿ, ಆದರೆ ಒಮ್ಮೆ ಹಾಕಿದರೆ ಮೂರು ತಿಂಗಳು ಚಿಂತೆಯಿಲ್ಲ. ನನ್ನಂಥವನಿಗೆಂದೇ ಮಾಡಿದಂತಿತ್ತು. ಮುಂದಿನ ಅಮವಾಸ್ಯೆಗೆ ಹೋಗಿ ಮಲಕಾರಿಗೆ ಹೇಳಿದೆ.

“ಬ್ಯಾಡ್ರಿ ಡಾಕ್ಟರ್,” ಅಂದ. “ಸಾದಾನ ಇರ್ಲಿ.”

“ಯಾಕಪಾ? ಅದು ಖರಾಬ್ ಐತೇನು?”

“ಖರಾಬ್ ಅಂತ ನಾ ಎಲ್ಲಿ ಅಂದೆ? ಆಯಿಲ್ ಚೊಲೋನ ಐತಿ.”

“ಮತ್ತ?”

ಅವನು ಬಾಗಿ ಚೈನು ನೋಡುತ್ತ ಕೂತ. ನನಗೆ ಪಿತ್ತ ನೆತ್ತಿಗೇರಿತು. ಬೆಂಚಿನ ಮೇಲೆ ನಾಲ್ಕೈದು ಜನ ಕೂತಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಅಂದೆ: “ಗೊತ್ತಾತ್ ಬಿಡು. ತಿಂಗಳಾ ತಿಂಗಳಾ ಬರೂ ಗಿರಾಕಿ ತಪ್ಪಿ ಹೋಗ್ತಾನ ಅಂತ ನಿನಗ ಹೊಟ್ಟಿನೋವು.”

ಯಾರೋ ನಕ್ಕರು. ಮಲಕಾರಿ ಕೈ ಒರೆಸಿಕೊಂಡು ಎದ್ದು, “ನಿಮ್ಮ ಗಾಡಿರಿ, ನಿಮ್ಮ ಮರ್ಜಿ” ಎಂದು ಒಳಗೆ ಹೋದ. ನಾನು ಅಂದೇ ಅಥಣಿಗೆ ಹೋಗಿ ಸಿಂಥೆಟಿಕ್ ಹಾಕಿಸಿದೆ. ಗಾಡಿ ಬೆಣ್ಣೆಯ ಹಾಗೆ ಓಡಿತು. ಎರಡು ಅಮವಾಸ್ಯೆ ಹೋದವು. ಆ ಗ್ಯಾರೇಜಿನ ಮುಂದೆ ಹಾಯುವಾಗ ಬೇಕಂತಲೇ ಹಾರ್ನ್ ಹೊಡೆಯುತ್ತಿದ್ದೆ. ನನ್ನ ಸಣ್ಣತನವನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ಕಬ್ಬಿನ ಹಂಗಾಮು ಶುರುವಾದ ಮೇಲೆ ಒಂದು ದಿನ ಮಲಕಾರಿಯ ತಾಯಿ ಕೆಂಚವ್ವ ಫೋನ್ ಮಾಡಿಸಿದಳು. ಎಮ್ಮೆ ಮೇವು ಬಿಟ್ಟಿತ್ತು. ಮಲಕಾರಿ ಗ್ಯಾರೇಜಿನಲ್ಲಿರುವ ಹೊತ್ತು ನೋಡಿಕೊಂಡು ಹೋದೆ. ಇಂಜೆಕ್ಷನ್ ಮಾಡಿ ಕೈ ತೊಳೆಯುವಾಗ ಕೊಟ್ಟಿಗೆಯ ಮೂಲೆಯಲ್ಲಿ ತಾಡಪತ್ರಿ ಹೊದಿಸಿದ ಮೋಟರ್‌ಸೈಕಲ್ ಕಂಡಿತು. ಮುಂದಿನ ಭಾಗ ನಜ್ಜುಗುಜ್ಜಾಗಿತ್ತು.

“ಇದು ಯಾರದಬೇ ಆಯಿ?”

“ನಮ್ಮ ಸಿದರಾಯಂದೋ ಯಪ್ಪಾ. ಮಲಕಾರಿ ತಮ್ಮ. ನಿಪ್ಪಾಣ್ಯಾಗ ಕೆಲಸಕ್ಕಿದ್ದ.” ಎಮ್ಮೆಯ ಬೆನ್ನು ಸವರುತ್ತಲೇ ಹೇಳಿದಳು. “ಮೊದಲ ಪ್ರತಿ ಅಮವಾಸ್ಯಿಗೂ ಬರಾಂವ. ಅಣ್ಣ ಆಯಿಲ್ ಬದಲಿ ಮಾಡಾಂವ, ಎಲ್ಲಾ ನೋಡಾಂವ. ಆಮ್ಯಾಲ ಯಾವದೋ ತುಟ್ಟಿ ಆಯಿಲ್ ಹಾಕಿಸಿದ. ಇನ್ನ ಬದಲಿ ಮಾಡೂದ ಬ್ಯಾಡ ಅಂದ, ನಾಕ ತಿಂಗಳ ಗಾಡಿ ತೋರಸಲಿಲ್ಲ. ಸಂಜಿಮುಂದ ಮನಿಗೆ ಬರೂವಾಗ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಹೋಗಿ ಬಡದ. ಅಲ್ಲೇ ಜೀವಾ ಬಿಟ್ಟ. ಬ್ರೇಕ್ ಪೂರಾ ಸವದಿತ್ತಂತ.”

ಮಲಕಾರಿಯ ತಮ್ಮ ಅಪಘಾತದಲ್ಲಿ ಹೋದನೆಂದು ಕೇಳಿದ್ದೆ, ಹೇಗೆಂದು ಯಾವತ್ತೂ ವಿಚಾರಿಸಿರಲಿಲ್ಲ.

“ಎಂಜಿನ್ನಿಗೆ ಏನೂ ಆಗಿಲ್ಲೋ ಯಪ್ಪಾ,” ಅಂದಳು ಕೆಂಚವ್ವ. “ಈಗೂ ಒಂದ ಕಿಕ್ಕಿಗೆ ಚಾಲೂ ಆಗತೈತಿ.”

ಆ ಮಾತು ನಾಲ್ಕು ದಿನ ನನ್ನನ್ನು ಬಿಡಲಿಲ್ಲ. ಊಟಕ್ಕೆ ಕೂತರೂ ಅದೇ, ಗಾಡಿ ಹತ್ತಿದರೂ ಅದೇ. ಐದನೆಯ ದಿನ ಅಮವಾಸ್ಯೆ. ಗ್ಯಾರೇಜಿಗೆ ಹೋದೆ. ಬೆಂಚು ತುಂಬಿತ್ತು, ಒಳ್ಳೆಯದೇ ಆಯಿತು ಅಂದುಕೊಂಡೆ. “ಮಲಕಾರಿ, ಅವತ್ತ ಇಷ್ಟ ಮಂದಿ ಮುಂದ ನಿನಗ ಅನಬಾರದ್ದ ಅಂದೆ. ನಂದ ತಪ್ಪಾತು,” ಅಂದೆ. ಈ ಸಲ ಯಾರೂ ನಗಲಿಲ್ಲ.

ಮಲಕಾರಿಗೆ ನಾಚಿಕೆಯಾಯಿತು. “ಇರ್ಲಿ ಬಿಡ್ರಿ” ಎಂದು ನೇರ ಗಾಡಿಯ ಹತ್ತಿರ ಹೋದ. ಆಯಿಲ್ ಕಡ್ಡಿ ಎಳೆದು, ಒಂದು ಹನಿಯನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದ.

“ಆಯಿಲ್ ಭಾಳ ಚೊಲೋ ಐತ್ರಿ. ಇನ್ನೊಂದ ತಿಂಗಳ ಆರಾಮ ನಡೀತೈತಿ.”

ಆಮೇಲೆ ಸುತ್ತು ಹಾಕಿದ. ಬ್ರೇಕು, ಚೈನು, ಗಾಲಿ ಎಲ್ಲ ಸರಿಯಿದ್ದವು. ಹಿಂದೆ ಹೋಗಿ ನಿಂತು, “ಬ್ರೇಕ್ ಒತ್ತರಿ” ಅಂದ. ಒತ್ತಿದೆ. “ಲೈಟ್ ಹಚ್ಚರಿ” ಅಂದ. ಹಚ್ಚಿದೆ.

“ಹಿಂದಿನ ಲೈಟ್ ಹತ್ತವಲ್ದು. ಎಷ್ಟ ದಿನ ಆತ್ರಿ?”

ನನಗೆ ಗೊತ್ತಿರಲಿಲ್ಲ. ಕೂತವನಿಗೆ ತನ್ನ ಗಾಡಿಯ ಹಿಂದಿನ ದೀಪ ಎಲ್ಲಿ ಕಾಣುತ್ತದೆ? ಕಬ್ಬಿನ ಲಾರಿ, ಟ್ರ್ಯಾಕ್ಟರುಗಳ ನಡುವೆ ಎಷ್ಟು ಸಂಜೆ ಹಾಗೇ ಬಂದಿದ್ದೆನೋ. ಹೊಸ ಬಲ್ಬು ಹಾಕುತ್ತ ಮಲಕಾರಿ ತಗ್ಗಿದ ದನಿಯಲ್ಲಿ ಹೇಳಿದ: “ಸುಮ್ನ ಬರ್ರಿ, ನೋಡ್ತೀನಿ ಅಂದ್ರ ಯಾರೂ ಬರಂಗಿಲ್ರಿ. ಆಯಿಲ್ ಹೊಲಸ ಆಗೇತಿ ಅಂದ್ರಷ್ಟ ಬರ್ತಾರ. ತಮ್ಮಗ ಫೋನ್ ಮಾಡಿ ಮಾಡಿ ಬಾ ಅಂದಿದ್ನಿ. ಆಯಿಲ್ ಚೊಲೋ ಐತೋ ಅಣ್ಣಾ, ಯಾಕ ಬರ್ಲಿ ಅಂದ.”

ನನ್ನ ಬುದ್ಧಿ ನನಗೆ ಗೊತ್ತು. ಮುಂದಿನ ಅಮವಾಸ್ಯೆಗೆ ಬರುತ್ತೇನೆಂದು ಅಲ್ಲಿ ಮಾತು ಕೊಟ್ಟು, ಆ ದಿನ ಯಾವುದೋ ಎಮ್ಮೆಯ ನೆಪ ಹೇಳಿ ತಪ್ಪಿಸಿಕೊಳ್ಳುವವನು ನಾನು.

“ಮಲಕಾರಿ, ಈ ಆಯಿಲ್ ತಗದ ಬಿಡು. ಸಾದಾ ಹಾಕು.”

“ಏ, ಇಷ್ಟ ಚೊಲೋ ಐತಿ…”

“ಆಯಿಲ್ ಚೊಲೋ ಐತಿ,” ಅಂದೆ. “ನಾ ಅಷ್ಟ ಚೊಲೋ ಇಲ್ಲ.”

ಅವನು ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಗಾಡಿಯ ಕೆಳಗೆ ಕೂತ.